‘ತಟ್ಟೆ ಇಡ್ಲಿ’ಯ ಒತ್ತು ಎಲ್ಲಿ ಹೋಯಿತು? ಕೈಬರಹದಂಥ ಫಾಂಟ್‌ನ ಒಳಗುಟ್ಟು

ತುಮಕೂರಿನವರಿಗೆ ಕ್ಯಾತಸಂದ್ರದ ತಟ್ಟೆ ಇಡ್ಲಿ ಬಗ್ಗೆ ಹೊಸದಾಗಿ ಹೇಳಬೇಕಿಲ್ಲ. ಅದೇ ಆಸೆಯಲ್ಲಿ ನಮ್ಮ ಬೀದಿಯಲ್ಲೂ ಒಂದು ಪುಟ್ಟ ಹೋಟೆಲ್ ಶುರುವಾಯಿತು. ಬೋರ್ಡಿನ ಡಿಸೈನ್ ಕೆಲಸ ನನ್ನ ತಲೆಗೆ ಬಂತು. ಯಜಮಾನರು ಕೇಳಿದ್ದು ಒಂದೇ. “ಕಂಪ್ಯೂಟರ್ ಅಕ್ಷರದ ಥರ ಬೇಡ ಸಾರ್. ಕೈಯಲ್ಲಿ ಬರೆದ ಹಾಗಿರ್ಲಿ. ನೋಡಿದ್ರೆ ನಗು ಬರ್ಬೇಕು.”

ನಗು ಬಂತು. ನಾನು ಒಂದು ಸೊಟ್ಟಪಟ್ಟ ಅಕ್ಷರಗಳ ಫಾಂಟ್ ಹುಡುಕಿದೆ. ಮೊಬೈಲ್ ಆ್ಯಪ್ ಒಂದರಲ್ಲಿ ‘ತಟ್ಟೆ ಇಡ್ಲಿ’ ಅಂತ ಟೈಪ್ ಮಾಡಿದೆ. ಅವಸರದಲ್ಲಿ ಸರಿಯಾಗಿ ನೋಡದೆ ಪ್ರಿಂಟಿಗೆ ಕಳಿಸಿದೆ. ಫ್ಲೆಕ್ಸ್ ಬಂತು, ಮೇಲೇರಿತು. ಅಕ್ಷರಗಳ ಕೆಳಗಿನ ಒತ್ತುಗಳೆಲ್ಲ ಕತ್ತರಿಸಿ ಹೋಗಿದ್ದವು. ಬೋರ್ಡಿನಲ್ಲಿ ಉಳಿದದ್ದು ‘ತಟೆ ಇಡಿ’. ಎದುರು ಅಂಗಡಿಯವರು “ಏನ್ ಸಾರ್, ಓಪನಿಂಗ್ ದಿನಾನೇ ಇಡಿ ರೇಡಾ?” ಅಂದರು. ಫ್ಲೆಕ್ಸಿನ ದುಡ್ಡು ನನ್ನ ಜೇಬಿನಿಂದ ಹೋಯಿತು.

ಆಮೇಲೆ ಕೂತು ಈ ಫಾಂಟ್‌ಗಳ ಹೊಟ್ಟೆಯೊಳಗೆ ಏನಿದೆ ಅಂತ ನೋಡತೊಡಗಿದೆ. ಸುಮ್ನೆ ಸೊಟ್ಟಗೆ ಬರೆದ ಅಕ್ಷರಗಳು ಅಂದುಕೊಂಡಿದ್ದೆ. ಆ ಸೊಟ್ಟತನದ ಹಿಂದೆ ಇರುವಷ್ಟು ಲೆಕ್ಕಾಚಾರ ನೆಟ್ಟಗಿನ ಅಕ್ಷರದಲ್ಲೂ ಇಲ್ಲ.

ಫಾಂಟ್‌ಗಳಲ್ಲಿ ಸ್ಥೂಲವಾಗಿ ಎರಡು ಬಗೆ. ಒಂದು ಓದುವುದಕ್ಕೆ, ಇನ್ನೊಂದು ನೋಡುವುದಕ್ಕೆ. ಪುಸ್ತಕದ ಅಕ್ಷರ ಹತ್ತು ಹನ್ನೊಂದು ಪಾಯಿಂಟ್ ಇರುತ್ತದೆ. 72 ಪಾಯಿಂಟ್ ಸೇರಿದರೆ ಒಂದು ಇಂಚು. ಅಲ್ಲಿ ಅಕ್ಷರ ತನ್ನ ಕಡೆ ಗಮನ ಸೆಳೆಯಬಾರದು. ಓದುತ್ತಾ ಓದುತ್ತಾ ಅದು ಮರೆತೇ ಹೋಗಬೇಕು. ಅದೇ ಬೋರ್ಡಿನ ಮೇಲಿನ ಒಂದು ಅಡಿ ಎತ್ತರದ ಅಕ್ಷರ ಅಂದರೆ 864 ಪಾಯಿಂಟ್. ಬಿ.ಎಚ್. ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ ಮೂರು ಸೆಕೆಂಡ್ ಕಂಡರೆ ಹೆಚ್ಚು. ಅಷ್ಟರಲ್ಲಿ ಅದು ಕಣ್ಣು ಹಿಡಿಯಬೇಕು. ಇಂಥ ದೊಡ್ಡ ಅಳತೆಗೆಂದೇ ಮಾಡಿದ್ದನ್ನು ಡಿಸ್‌ಪ್ಲೇ ಫಾಂಟ್ ಅನ್ನುತ್ತಾರೆ. ಬೋರ್ಡು, ತಲೆಬರಹ, ಸಿನಿಮಾ ಪೋಸ್ಟರ್, ಚಿಪ್ಸ್ ಪ್ಯಾಕೆಟ್ ಇವೆಲ್ಲ ಅದರ ಜಾಗ.

ಅದನ್ನೇ ಚಿಕ್ಕದು ಮಾಡಿ ಪುಟ ತುಂಬಾ ತುಂಬಿದರೆ ಏನಾಗುತ್ತೆ ಅಂತ ನೋಡಬೇಕಾದರೆ ಮನೆಗೆ ಬಂದ ಲಗ್ನಪತ್ರಿಕೆಗಳನ್ನು ತೆಗೆದು ನೋಡಿ. ವಧೂವರರ ಹೆಸರು ಬಳ್ಳಿಯ ಹಾಗೆ ಸುತ್ತಿಕೊಂಡಿರುತ್ತದೆ, ಚೆನ್ನಾಗಿಯೇ ಇರುತ್ತದೆ. ಆದರೆ ಮುಹೂರ್ತ, ಛತ್ರದ ವಿಳಾಸ, ಊಟದ ಹೊತ್ತು ಕೂಡ ಅದೇ ಬಳ್ಳಿಯಲ್ಲಿ! ತೆಳು ಗೆರೆ ಮಾಯವಾಗುತ್ತದೆ, ಅಕ್ಷರದ ಹೊಟ್ಟೆಯೊಳಗಿನ ಖಾಲಿ ಜಾಗ ಮುಚ್ಚಿಕೊಳ್ಳುತ್ತದೆ. ಕೊನೆಗೆ ಫೋನ್ ಮಾಡಿ ಕೇಳುತ್ತೇವೆ, ಅಲ್ವಾ? ಸೀಸದ ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಪ್ರತಿ ಅಳತೆಗೂ ಬೇರೆ ಮೊಳೆ ಬೇಕಿತ್ತು. ಹಾಗಾಗಿ ಚಿಕ್ಕದಕ್ಕೆ ಚಿಕ್ಕದರ ರೂಪ, ದೊಡ್ಡದಕ್ಕೆ ದೊಡ್ಡದರ ರೂಪ ಕೊಡುವ ಅವಕಾಶವಿತ್ತು. ಈಗ ಮೂಲೆ ಹಿಡಿದು ಎಳೆದರೆ ಅಳತೆ ಬದಲಾಗುತ್ತದೆ. ಅನುಕೂಲವೂ ಅದೇ, ಎಡವಟ್ಟೂ ಅದೇ.

ಇನ್ನು ‘ಕೈಯಲ್ಲಿ ಬರೆದ ಹಾಗೆ’ ಅನ್ನುವುದಕ್ಕೆ ಬರೋಣ.

ಕೈಬರಹವನ್ನು ಅಚ್ಚು ಮಾಡುವುದು ಹೊಸದೇನಲ್ಲ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಶುರುವಾದದ್ದೇ ಕಲ್ಲಚ್ಚಿನಲ್ಲಿ. ಬರೆದ ಬರಹವೇ ಕಲ್ಲಿನ ಮೇಲಿಂದ ಕಾಗದಕ್ಕೆ ಇಳಿಯುತ್ತಿತ್ತು. ಆದರೆ ಅದು ಬರಹದ ಚಿತ್ರ. ಅಲ್ಲಿ ಬರೆದಷ್ಟೇ ಅಚ್ಚಾಗುತ್ತದೆ. ಫಾಂಟ್ ಹಾಗಲ್ಲ. ಅದನ್ನು ಮಾಡಿದವರು ಯಾವತ್ತೂ ಬರೆಯದ ಪದವನ್ನೂ ಅದು ಬರೆದು ಕೊಡಬೇಕು.

ನಮ್ಮಲ್ಲಿ ಹಳೆಯ ಬೋರ್ಡ್ ಬರೆಯುವವರ ಕೆಲಸ ನೋಡಿದವರಿಗೆ ಇದರ ವ್ಯತ್ಯಾಸ ಬೇಗ ಹೊಳೆಯುತ್ತದೆ. ಅವರು ಮೊದಲು ತಗಡಿನ ಮೇಲೆ ದಾರ ಹಿಡಿದು ಗೆರೆ ಹಾಕಿಕೊಳ್ಳುತ್ತಾರೆ. ಅಕ್ಷರ ಎಣಿಸುತ್ತಾರೆ. ‘ಚಿಕ್ಕನಾಯಕನಹಳ್ಳಿ’ ಅಂತ ಬರೆಯಬೇಕಿದ್ದರೆ ಎಂಟು ಅಕ್ಷರ. ಜಾಗ ಸಾಲದು ಅನಿಸಿದರೆ ‘ಯ’ವನ್ನು ಚೂರು ಒತ್ತರಿಸುತ್ತಾರೆ. ಕೊನೆಯ ‘ಳ್ಳಿ’ಗೆ ಜಾಗ ಮಿಕ್ಕರೆ ಅದರ ಬಾಲವನ್ನು ಎಳೆದು ಹೆಸರಿನ ಕೆಳಗೆ ಅಡ್ಡಗೆರೆ ಮಾಡಿಬಿಡುತ್ತಾರೆ. ಪಕ್ಕದಲ್ಲಿ ಯಾರಿದ್ದಾರೆ ಅಂತ ನೋಡಿಕೊಂಡೇ ಪ್ರತಿ ಅಕ್ಷರ ಬರುತ್ತದೆ.

ಫಾಂಟ್ ಮಾಡುವವರಿಗೆ ಆ ಭಾಗ್ಯ ಇಲ್ಲ. ಅವರು ‘ಕ’ ಬರೆಯುವಾಗ ಅದರ ಪಕ್ಕ ‘ನ’ ಕೂರುತ್ತದೋ ‘ಳ್ಳಿ’ ಕೂರುತ್ತದೋ ಗೊತ್ತಿರುವುದಿಲ್ಲ. ನೆರೆಯವರು ಯಾರೆಂದು ತಿಳಿಯದೆ ಮನೆ ಕಟ್ಟಿಸಿದ ಹಾಗೆ. ಎಲ್ಲರ ಪಕ್ಕದಲ್ಲೂ ಹೊಂದಿಕೊಳ್ಳುವ ಒಂದು ‘ಕ’ ಬೇಕು, ಆದರೂ ಅದು ಯಾರ ಮಾತೂ ಕೇಳದ ತುಂಟನ ಹಾಗೆ ಕಾಣಬೇಕು.

ಇನ್ನೊಂದು ಕಷ್ಟ ಇದೆ. ಚಿಕ್ಕನಾಯಕನಹಳ್ಳಿಯಲ್ಲಿ ದೊಡ್ಡ ‘ಕ’ ಎರಡು ಸಲ ಬರುತ್ತದೆ, ‘ನ’ವೂ ಎರಡು ಸಲ. ಕೈಯಲ್ಲಿ ಬರೆದರೆ ಎರಡು ಕ ಒಂದೇ ಥರ ಇರಲು ಸಾಧ್ಯವೇ ಇಲ್ಲ. ಫಾಂಟಿನಲ್ಲಿ ಅವು ಒಂದೇ ಅಚ್ಚು. ನೆಟ್ಟಗಿನ ಅಕ್ಷರದಲ್ಲಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಸೊಟ್ಟ ಅಕ್ಷರದಲ್ಲಿ ತಕ್ಷಣ ಬೀಳುತ್ತದೆ. ಎಡಕ್ಕೆ ವಾಲಿದ ಒಂದು ಕ, ಮತ್ತೆ ಅಷ್ಟೇ ಎಡಕ್ಕೆ ವಾಲಿದ ಇನ್ನೊಂದು ಕ. ಆಟ ಮುಗಿಯಿತು, ಇದು ಕೈಯಲ್ಲ ಮಷೀನು ಅಂತ ಕಣ್ಣು ಹೇಳಿಬಿಡುತ್ತದೆ.

ಇದಕ್ಕೆ ಒಳ್ಳೆಯ ಫಾಂಟ್‌ಗಳಲ್ಲಿ ಒಂದು ಉಪಾಯ ಇರುತ್ತದೆ. ಒಂದೇ ಅಕ್ಷರಕ್ಕೆ ಎರಡು ಮೂರು ರೂಪ ಬರೆದಿಡುತ್ತಾರೆ. ಜೊತೆಗೆ ಒಂದು ನಿಯಮ ಬರೆದಿಡುತ್ತಾರೆ: ಹತ್ತಿರದಲ್ಲೇ ಮೊದಲ ಕ ಬಂದುಹೋಗಿದ್ದರೆ ಈಗ ಎರಡನೇ ಕ ಹಾಕು. ಓಪನ್‌ಟೈಪ್ ಅನ್ನುವ ಫಾಂಟ್ ಮಾದರಿಯಲ್ಲಿ ಇಂಥ ನಿಯಮಗಳಿಗೆ ಒಂದು ಕೋಷ್ಟಕವೇ ಇದೆ. ಅಂದರೆ ‘ಯೋಚನೆ ಮಾಡದೆ ಬರೆದ’ ಹಾಗೆ ಕಾಣಲು ಯಾರೋ ಕೂತು ಯೋಚನೆ ಮಾಡಿ ನಿಯಮ ಬರೆದಿರುತ್ತಾರೆ.

ಇಂಗ್ಲಿಷಿನಲ್ಲಿ ಇದೆಲ್ಲ ಒಂದು ಮಟ್ಟಕ್ಕೆ ಸುಲಭ. ದೊಡ್ಡದು 26, ಚಿಕ್ಕದು 26. ನಮ್ಮ ವರ್ಣಮಾಲೆಯಲ್ಲಿ 49 ಅಕ್ಷರ ಅಂತ ಶಾಲೆಯಲ್ಲಿ ಹೇಳಿಕೊಟ್ಟರು. ಅಷ್ಟೇ ಆಗಿದ್ದರೆ ಕನ್ನಡವೂ ಸುಲಭವೇ. ಆದರೆ 34 ವ್ಯಂಜನಕ್ಕೆ 13 ಸ್ವರ ಸೇರಿಸಿದರೆ 442. ಒಂದೊಂದು ವ್ಯಂಜನಕ್ಕೆ ಇನ್ನೊಂದರ ಒತ್ತು ಕೊಟ್ಟು, ಮೇಲೆ ಸ್ವರ ಸೇರಿಸಿದರೆ 34 ಗುಣಿಸು 34 ಗುಣಿಸು 13. ಒಟ್ಟು 15,028. ಇದರಲ್ಲಿ ಬಹುಪಾಲು ಯಾವ ಪದದಲ್ಲೂ ಬರುವುದಿಲ್ಲ, ನಿಜ. ಆದರೂ ಇಷ್ಟನ್ನೂ ಒಂದೊಂದಾಗಿ ಯಾರು ಬರೆಯುತ್ತಾರೆ?

ಯಾರೂ ಬರೆಯುವುದಿಲ್ಲ. ಬಿಡಿ ಭಾಗಗಳನ್ನು ಬರೆಯುತ್ತಾರೆ. ಕಾಗುಣಿತ ಬಾಯಿಪಾಠ ಮಾಡಿದ್ದು ನೆನಪಿದೆಯಾ? ತಲೆಕಟ್ಟು, ಇಳಿ, ಗುಡಿಸು, ಕೊಂಬು, ವಟ್ರಸುಳಿ, ಏತ್ವ. ಅವೇ ಬಿಡಿ ಭಾಗಗಳು. ತಲೆಕಟ್ಟು ತೆಗೆದ ಒಂದು ಬೋಳು ‘ಕ’, ಅದರ ತಲೆಗೆ ಗುಡಿಸು ಕೂರಿಸಿದರೆ ಕಿ, ಏತ್ವ ಕೂರಿಸಿದರೆ ಕೆ. ಕೋಲಾರದ ‘ಕೋ’ ನೋಡಿ. ನಮಗೆ ಅದು ಒಂದೇ ಅಕ್ಷರ. ಫಾಂಟಿನ ಪಾಲಿಗೆ ಬೋಳು ಕ, ಮೇಲೊಂದು ಏತ್ವ, ಬಲಕ್ಕೆ ಕೊಂಬಿನ ಇಳಿ, ಅದರಾಚೆ ದೀರ್ಘದ ಬಾಲ. ಮೇಷ್ಟ್ರು ಬೆತ್ತ ಹಿಡಿದು ಕಲಿಸಿದ ಕಾಗುಣಿತ ಹೀಗೆ ಫಾಂಟ್ ಎಂಜಿನಿಯರಿಂಗ್ ಆಗಿತ್ತು ಅಂತ ಆಗ ಗೊತ್ತಾಗಲಿಲ್ಲ.

ಈ ಭಾಗಗಳನ್ನು ಜೋಡಿಸುವ ಕೆಲಸ ಫಾಂಟ್ ಒಂದೇ ಮಾಡುವುದಿಲ್ಲ. ಫೋನಿನಲ್ಲಿ, ಬ್ರೌಸರಿನಲ್ಲಿ ಅದಕ್ಕೆಂದೇ ಒಂದು ತಂತ್ರಾಂಶ ಇರುತ್ತದೆ. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್‌ಗಳಲ್ಲಿ ಅದರ ಹೆಸರು ಹಾರ್ಫ್‌ಬಜ್. ನಾವು ‘ಡ್ಲಿ’ ಟೈಪ್ ಮಾಡಿದಾಗ ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ಸಂಕೇತ ಕೊಟ್ಟಿರುವ ವ್ಯವಸ್ಥೆಯಲ್ಲಿ, ದಾಖಲಾಗುವುದು ನಾಲ್ಕು ಸಂಕೇತ: ಡ, ಹಲಂತ (ಸ್ವರ ತೆಗೆಯುವ ಗುರುತು), ಲ, ಗುಡಿಸು. ಗುಡಿಸು ಕೊನೆಯಲ್ಲಿ, ಲ ಆದ ಮೇಲೆ ಬರುತ್ತದೆ. ಆದರೆ ಕೈಯಲ್ಲಿ ಬರೆಯುವಾಗ? ಮೊದಲು ‘ಡಿ’ ಬರೆದು ಆಮೇಲೆ ಕೆಳಗೆ ಲ ಒತ್ತು ಕೊಡುತ್ತೇವೆ. ಉಚ್ಚಾರಣೆಯ ಕ್ರಮ ಒಂದು, ಬರವಣಿಗೆಯ ಕ್ರಮ ಇನ್ನೊಂದು. ಮೊದಲನೆಯದನ್ನು ಎರಡನೆಯದಕ್ಕೆ ತಿರುಗಿಸುವುದೇ ಆ ತಂತ್ರಾಂಶದ ಕೆಲಸ. ‘ಚಿಕ್ಕಬಳ್ಳಾಪುರ’ ಕಣ್ಣಿಗೆ ಆರು ಅಕ್ಷರ, ಒಳಗೆ 13 ಸಂಕೇತ. ಹೆಸರಿನಲ್ಲಿ ಚಿಕ್ಕ ಇದೆ ಅಷ್ಟೇ.

ಒತ್ತಿನ ವಿಷಯ ಸ್ವಲ್ಪ ನಿಧಾನವಾಗಿ ನೋಡೋಣ. ನಮ್ಮ ಬೋರ್ಡಿನಲ್ಲಿ ಎರಡು ಒತ್ತು ಇದ್ದವು. ‘ಟ್ಟೆ’ಯಲ್ಲಿ ಟ ಒತ್ತು, ‘ಡ್ಲಿ’ಯಲ್ಲಿ ಲ ಒತ್ತು. ಟ ಒತ್ತು ಅಂದರೆ ಹೆಚ್ಚುಕಡಿಮೆ ಚಿಕ್ಕ ಟ. ಲ ಒತ್ತು ಹಾಗಲ್ಲ. ಅದಕ್ಕೂ ಲಕಾರಕ್ಕೂ ಮುಖಸಾಮ್ಯವೇ ಇಲ್ಲ. ತ, ನ, ಮ, ಯ, ರ, ಲ ಇವುಗಳ ಒತ್ತು ಬೇರೆಯದೇ ರೂಪ. ಉಳಿದವು ಚಿಕ್ಕ ತಮ್ಮಂದಿರ ಹಾಗೆ.

ಚಿಕ್ಕದೇ ತಾನೇ, ದೊಡ್ಡ ಟ ತಗೊಂಡು ಅರ್ಧಕ್ಕೆ ಇಳಿಸಿದರೆ ಆಯಿತಲ್ಲ ಅನಿಸಬಹುದು. ಮಾಡಿ ನೋಡಿ. ಅಕ್ಷರದ ಜೊತೆಗೆ ಗೆರೆಯ ದಪ್ಪವೂ ಅರ್ಧಕ್ಕೆ ಇಳಿಯುತ್ತದೆ. ಮೇಲೆ ದಪ್ಪ ಬ್ರಷ್ಷಿನ ಟ, ಕೆಳಗೆ ಕಡ್ಡಿಯಲ್ಲಿ ಗೀಚಿದ ಟ. ಒಬ್ಬರೇ ಬರೆದದ್ದು ಅಂತ ಯಾರೂ ನಂಬುವುದಿಲ್ಲ. ಹಾಗಾಗಿ ಪ್ರತಿ ಒತ್ತನ್ನೂ ಅದೇ ಬ್ರಷ್ಷಿನ ದಪ್ಪದಲ್ಲಿ ಬೇರೆಯಾಗಿ ಬರೆಯಬೇಕು. ಜಾಗ ಕಮ್ಮಿ, ಗೆರೆ ದಪ್ಪ. ಆಗ ಹೊಟ್ಟೆ ಮುಚ್ಚಿಕೊಳ್ಳುತ್ತದೆ. ಹೊಟ್ಟೆ ತೆರೆಯಲು ಯಾವುದೋ ಸುರುಳಿಯನ್ನು ಬಿಚ್ಚಬೇಕು. ಕನ್ನಡ ಫಾಂಟ್ ಒಳ್ಳೆಯದೋ ಅಲ್ಲವೋ ಅಂತ ನೋಡಲು ನಾನು ಈಗ ಮೊದಲು ಒತ್ತನ್ನೇ ನೋಡುತ್ತೇನೆ. ಮೇಲಿನ ಮನೆ ಎಲ್ಲರೂ ಚೆನ್ನಾಗಿ ಕಟ್ಟುತ್ತಾರೆ.

ಅಕ್ಷರಕ್ಕೆ ಎಲ್ಲಿ ತುಂಟತನ ಮಾಡುವ ಸ್ವಾತಂತ್ರ್ಯ ಇದೆ, ಎಲ್ಲಿ ಇಲ್ಲ? ನನ್ನ ಪ್ರಕಾರ ಇಡೀ ವಿಷಯದ ಗಂಟು ಇಲ್ಲಿದೆ. ಒಂದು ಅಕ್ಷರವನ್ನು ಇನ್ನೊಂದರಿಂದ ಬೇರೆ ಮಾಡುವ ಜಾಗದಲ್ಲಿ ಆಟ ಆಡಬಾರದು. ಉಳಿದ ಕಡೆ ಎಷ್ಟು ಬೇಕಾದರೂ ಕುಣಿಯಲಿ. ‘ದ’ಕ್ಕೂ ‘ಧ’ಕ್ಕೂ ಇರುವ ವ್ಯತ್ಯಾಸ ಹೊಟ್ಟೆಯ ಕೆಳಗಿನ ಒಂದು ಸಣ್ಣ ಸೀಳು. ‘ಬ’ಕ್ಕೂ ‘ಭ’ಕ್ಕೂ ಕೆಳಗಡೆ ಹಾಗೇ ಒಂದು ಸೀಳು ಇದೆ. ಫಾಂಟ್ ಮಾಡುವವರು ಚಂದಕ್ಕೆ ಅಂತ ಎಲ್ಲ ಅಕ್ಷರದ ಕೆಳಗೂ ಒಂದೊಂದು ಸೀಳು ಕೊಟ್ಟರೆ ಬಂಗಾರಪೇಟೆ ಭಂಗಾರಪೇಟೆಯಾಗುತ್ತದೆ, ಇದ್ದ ಸೀಳು ಮುಚ್ಚಿದರೆ ಮಧುಗಿರಿ ಮದುಗಿರಿಯಾಗುತ್ತದೆ.

ಇದಕ್ಕಿಂತ ಸೂಕ್ಷ್ಮವಾದದ್ದು ‘ವು’ ಮತ್ತು ‘ಮ’. ‘ವ’ಕ್ಕೆ ಎಲ್ಲ ಅಕ್ಷರಗಳಿಗೆ ಕೊಡುವ ಹಾಗೆ ಬಲಕ್ಕೆ ಕೊಂಬು ಕೊಟ್ಟರೆ ಅದು ‘ಮ’ ಆಗಿಬಿಡುತ್ತದೆ. ಅದಕ್ಕೇ ಪು, ವು ಇವುಗಳಲ್ಲಿ ಕೊಂಬು ಕೆಳಗಿನಿಂದ ಹೊರಡುತ್ತದೆ. ನಾವು ಗಮನಿಸದೆ ಹಾಗೇ ಬರೆಯುತ್ತೇವೆ. ಫಾಂಟಿನಲ್ಲಿ ಯಾರಾದರೂ ಸೋಮಾರಿತನ ಮಾಡಿ ಎಲ್ಲಕ್ಕೂ ಒಂದೇ ಕೊಂಬು ಅಂಟಿಸಿದರೆ ‘ಹೂವು’ ಹೋಗಿ ‘ಹೂಮ’ ಬರುತ್ತದೆ. ಅರ್ಕಾವತ್ತಿನದೂ ಇದೇ ಗೋಳು. ಅದು ಕನ್ನಡದ ಒಂಬತ್ತಕ್ಕೆ ಅವಳಿ. ಸ್ವಲ್ಪ ದೊಡ್ಡದಾಗಿ ಕುಣಿಸಿದರೆ ‘ಸೂರ್ಯ’ನ ಪಕ್ಕ ಬೆಲೆ ಬರೆದ ಹಾಗೆ ಕಾಣುತ್ತದೆ.

ಹಾಗಾದರೆ ಆಟದ ಜಾಗ ಯಾವುದು? ತಲೆಕಟ್ಟು. ‘ಕ’ದ ತಲೆಕಟ್ಟು ಮೇಲೆ ಹಾರಿದರೂ ಬಾಗಿದರೂ ಕ ಕ ಆಗಿಯೇ ಇರುತ್ತದೆ. ಖ, ಜ, ಣ, ಬ, ಲ ಇವಕ್ಕೆ ತಲೆಕಟ್ಟೇ ಇಲ್ಲ. ಅವು ಬೇರೆ ಕಡೆ, ಸಾಮಾನ್ಯವಾಗಿ ಸುರುಳಿಯ ತುದಿಯಲ್ಲಿ, ತಮ್ಮ ಆಟ ತೋರಿಸಬೇಕು. ದೀರ್ಘದ ಬಾಲವೂ ಒಳ್ಳೆಯ ಮೈದಾನ.

ಆದರೆ ತಲೆಕಟ್ಟಿಗೂ ಒಂದು ಗಡಿ ಇದೆ. ಅಕ್ಷರಶಃ ಗಡಿ. ಬಾಗೇಪಲ್ಲಿ, ಮುಳಬಾಗಿಲು, ಪಾವಗಡದ ಕಡೆಯವರು ಕನ್ನಡ, ತೆಲುಗು ಎರಡೂ ಬೋರ್ಡ್ ಓದಿ ಬೆಳೆದವರು. ಎರಡು ಲಿಪಿಗೂ ತಾಯಿ ಒಂದೇ. ಕನ್ನಡದ ತಲೆಕಟ್ಟು ಅಡ್ಡಗೆರೆ, ಬಲತುದಿಗೆ ಒಂದು ಕೊಕ್ಕೆ. ತೆಲುಗಿನದು ಮೇಲಕ್ಕೆ ಚಿಮ್ಮುವ ಟಿಕ್ ಗುರುತು. ಕನ್ನಡದ ತಲೆಕಟ್ಟನ್ನು ಉತ್ಸಾಹದಲ್ಲಿ ಮೇಲಕ್ಕೆ ಚಿಮ್ಮಿಸಿದರೆ ಅಲ್ಲಿನ ಓದುಗರು ಅರೆಗಳಿಗೆ ಇದು ಯಾವ ಭಾಷೆ ಅಂತ ತಡಬಡಾಯಿಸಬಹುದು. ಈ ಸಂಬಂಧವನ್ನೇ ಬಳಸಿಕೊಂಡ ಒಂದು ಫಾಂಟ್ ಇದೆ, ‘ಅಕಾಯ ಕನಡಕ’ ಅಂತ. ಒಂದೇ ದಪ್ಪದ, ಪ್ರಯೋಗದ ಧಾಟಿಯ ಡಿಸ್‌ಪ್ಲೇ ಫಾಂಟ್. ಅದರ ಜೋಡಿ ತೆಲುಗು ಫಾಂಟ್ ಕೂಡ ಇದೆ. ಗಡಿ ತಾಲೂಕಿನ ಎರಡು ಭಾಷೆಯ ಬೋರ್ಡಿಗೆ ಒಂದೇ ಕೈ ಬರೆದ ಹಾಗೆ ಬೇಕಾದರೆ ಇದನ್ನು ನೋಡಬಹುದು.

ದಪ್ಪಗೆ, ಮುದ್ದಾಗಿ ಬೇಕು ಅನ್ನುವವರಿಗೆ ಮುಂಬೈನ ಏಕ್ ಟೈಪ್ ತಂಡದ ‘ಬಾಲೂ ತಮ್ಮ’ ಇದೆ. ಕರಡಿಯ ಹಾಗೆ ಗುಂಡಗುಂಡಗೆ. ಈ ಬಾಲೂ ಕುಟುಂಬದಲ್ಲಿ ಒಂದೊಂದು ಲಿಪಿಗೂ ಒಂದೊಂದು ನೆಂಟಸ್ತಿಕೆಯ ಹೆಸರು. ಗುಜರಾತಿಗೆ ಭಾಯ್, ಮಲಯಾಳಕ್ಕೆ ಚೇಟ್ಟನ್, ತಮಿಳಿಗೆ ತಂಬಿ, ತೆಲುಗಿಗೆ ತಮ್ಮುಡು. ‘ನವಿಲು’ ಅಂತ ಕೈಬರಹದ ಧಾಟಿಯ ಒಂದು ಮುಕ್ತ ಫಾಂಟ್ ಇದೆ. ಅದರ ಜೊತೆಗಾರ ‘ಗುಬ್ಬಿ’. ಹೆಸರು ಕೇಳಿ ನಮ್ಮ ಗುಬ್ಬಿ ತಾಲೂಕಿನವರು ಸುಮ್ನೆ ಹೆಮ್ಮೆ ಪಟ್ಟರೂ ತಪ್ಪಿಲ್ಲ. ಬಾಲೂ ತಮ್ಮ, ಅಕಾಯ ಎರಡೂ ಗೂಗಲ್ ಫಾಂಟ್ಸ್‌ನಲ್ಲಿ ಸಿಗುತ್ತವೆ. ಅವಕ್ಕಿರುವುದು ಓಪನ್ ಫಾಂಟ್ ಲೈಸೆನ್ಸ್. ಅಂಗಡಿ ಬೋರ್ಡು, ಪ್ಯಾಕೆಟ್, ವ್ಯಾಪಾರ ಎಲ್ಲಕ್ಕೂ ದುಡ್ಡಿಲ್ಲದೆ ಬಳಸಬಹುದು. ಫಾಂಟ್ ಫೈಲನ್ನೇ ಬಿಡಿಯಾಗಿ ಮಾರುವ ಹಾಗಿಲ್ಲ, ಅಷ್ಟೇ.

ಕಂಪ್ಯೂಟರ್ ಸೆಂಟರ್‌ಗಳಲ್ಲಿ ಇನ್ನೂ ಹಳೆಯ ಕಾಲದ, ಯೂನಿಕೋಡ್ ಅಲ್ಲದ ಫಾಂಟ್‌ಗಳ ರಾಶಿ ಇದೆ. ಅಲಂಕಾರದ ಅಕ್ಷರಗಳು ಅವುಗಳಲ್ಲಿ ಜಾಸ್ತಿ. ಅವು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದಂಥವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಟೋಪಿ, ಚುಕ್ಕಿ ಹಾಕಿಕೊಂಡ ಇಂಗ್ಲಿಷ್ ಅಕ್ಷರಗಳ ಜಾತ್ರೆ ಕಾಣುತ್ತದೆ. ಬೋರ್ಡಿಗೆ ಪರವಾಗಿಲ್ಲ. ಬೇರೆ ಕಡೆ ಕಳಿಸುವುದಾದರೆ ತಲೆನೋವು.

ಫಾಂಟ್ ಒಳಗೆ ಅಕ್ಷರ ಹೇಗೆ ಕೂತಿರುತ್ತದೆ ಅನ್ನುವುದು ಚುಕ್ಕಿ ರಂಗೋಲಿ ಗೊತ್ತಿದ್ದವರಿಗೆ ಒಂದೇ ಮಾತಿನಲ್ಲಿ ಅರ್ಥವಾಗುತ್ತದೆ. ಅಕ್ಷರದ ಅಂಚಿನ ಮೇಲೆ ಚುಕ್ಕಿಗಳು, ಚುಕ್ಕಿಯಿಂದ ಚುಕ್ಕಿಗೆ ಬಾಗಿದ ಎಳೆ. ಎಳೆ ಎಷ್ಟು ಬಾಗಬೇಕು ಅನ್ನುವುದಕ್ಕೆ ಪ್ರತಿ ಚುಕ್ಕಿಗೂ ಹಿಡಿಕೆ. ಚುಕ್ಕಿ ಕಮ್ಮಿ ಇದ್ದಷ್ಟೂ ಬಾಗು ನಯವಾಗಿ ಬರುತ್ತದೆ. ಕಾಗದದ ಮೇಲೆ ಬರೆದು, ಸ್ಕ್ಯಾನ್ ಮಾಡಿ, ಸಾಫ್ಟ್‌ವೇರಿಗೆ ‘ನೀನೇ ಅಂಚು ಎಳೆದುಕೋ’ ಅಂದರೆ ಅದು ಒಂದು ‘ಳ’ಕ್ಕೆ ನೂರಾರು ಚುಕ್ಕಿ ಇಡುತ್ತದೆ. ಕಾಗದದ ಜುಂಗು ಕೂಡ ಅಕ್ಷರದ ಭಾಗ ಅಂತ ತಿಳಿದುಕೊಳ್ಳುತ್ತದೆ. ಫ್ಲೆಕ್ಸಿನಲ್ಲಿ ಇದು ಕಾಣದೇ ಹೋಗಬಹುದು. ಸ್ಟಿಕರ್ ಕಟಿಂಗ್‌ಗೆ ಕೊಟ್ಟಾಗ ಗೊತ್ತಾಗುತ್ತದೆ. ಮಷೀನಿನ ಬ್ಲೇಡು ಪ್ರತಿ ಚುಕ್ಕಿಗೂ ತಡೆದು ತಡೆದು ಹೋಗುತ್ತದೆ, ಅಂಚು ಹರಿಯುತ್ತದೆ. ಒಳ್ಳೆಯ ಫಾಂಟಿನಲ್ಲಿ ಬೇಕಾದ ಸೊಟ್ಟವನ್ನು ಉಳಿಸಿಕೊಂಡು ಬೇಡದ ಚುಕ್ಕಿಯನ್ನು ಒಬ್ಬರು ಕೂತು ಅಳಿಸಿರುತ್ತಾರೆ.

2024ರಲ್ಲಿ ಕಾನೂನಿಗೆ ತಿದ್ದುಪಡಿ ಆಗಿ, ಅಂಗಡಿ ಬೋರ್ಡಿನ ಶೇ. 60ರಷ್ಟು ಕನ್ನಡ ಇರಬೇಕು ಅಂತ ಬಂತಲ್ಲ, ಆಗ ಬೋರ್ಡುಗಳೇನೋ ಬದಲಾದವು. ಆದರೆ ಎಷ್ಟೋ ಕಡೆ ಇಂಗ್ಲಿಷ್ ಹೆಸರಿಗೆ ಬಳುಕುವ ಬ್ರಷ್ ಅಕ್ಷರ, ಕನ್ನಡಕ್ಕೆ ಕಂಪ್ಯೂಟರ್ ಜೊತೆ ಬಂದ ಸಪ್ಪೆ ಅಕ್ಷರ. ಅಳತೆಯಲ್ಲಿ ಕನ್ನಡ ದೊಡ್ಡದು, ನೋಟದಲ್ಲಿ ಬಾಡಿಗೆದಾರ. ಇದಕ್ಕೆ ಅಂಗಡಿಯವರನ್ನು ಪೂರ್ತಿ ದೂರಲಾರೆ. ಕೈಬರಹದಂಥ ಇಂಗ್ಲಿಷ್ ಫಾಂಟ್ ಹುಡುಕಿದರೆ ರಾಶಿ ಸಿಗುತ್ತದೆ. ಕನ್ನಡದಲ್ಲಿ ಬೆರಳಲ್ಲಿ ಎಣಿಸಬೇಕು. ಕಾರಣ ಮೇಲೆ ಹೇಳಿದ ಲೆಕ್ಕವೇ.

ಕೊನೆಗೆ, ನನ್ನ ಒತ್ತು ಎಲ್ಲಿ ಹೋಯಿತು?

ಪ್ರತಿ ಫಾಂಟಿಗೂ ಒಂದು ಸೂರು, ಒಂದು ನೆಲ ಅಂತ ಅಳತೆ ಬರೆದಿರುತ್ತದೆ.ಸಾಲಿನಿಂದ ಸಾಲಿಗೆ ಎಷ್ಟು ಅಂತರ ಅನ್ನುವುದನ್ನು ಅದರಿಂದ ಲೆಕ್ಕ ಹಾಕುತ್ತಾರೆ. ಇಂಗ್ಲಿಷಿನಲ್ಲಿ ನೆಲದಿಂದ ಕೆಳಗೆ ಒಂದೆರಡು ಬಾಲ ಇಳಿದರೆ ಮುಗಿಯಿತು. ಕನ್ನಡಕ್ಕೆ ಕೆಳಗೆ ಒಂದು ನೆಲಮಾಳಿಗೆಯೇ ಬೇಕು. ‘ರಾಷ್ಟ್ರ’ದಂಥ ಪದಕ್ಕೆ ಒತ್ತಿಗೆ ಇನ್ನೊಂದು ಒತ್ತು. ನಾನು ಆರಿಸಿದ ತಮಾಷೆಯ ಫಾಂಟಿನಲ್ಲಿ ಒತ್ತುಗಳು ಮಾಮೂಲಿಗಿಂತ ಕೆಳಗೆ ನೇತಾಡುತ್ತಿದ್ದವು. ಅದೇ ಅದರ ಚಂದ. ಆದರೆ ಆ ಆ್ಯಪ್ ಪದದ ಸುತ್ತ ಎಳೆದ ಚೌಕ ಇಂಗ್ಲಿಷಿನ ಅಳತೆಯದು. ಚೌಕದ ಹೊರಗೆ ಇದ್ದದ್ದನ್ನು ಅದು ಕತ್ತರಿಸಿ ಚಿತ್ರ ಮಾಡಿಕೊಟ್ಟಿತು. ಫಾಂಟಿನದೂ ತಪ್ಪಿಲ್ಲ, ಪ್ರಿಂಟಿನವರದೂ ಇಲ್ಲ.

ಈಗ ನಾನು ಯಾವ ಹೊಸ ಫಾಂಟ್ ಸಿಕ್ಕಿದರೂ ನಮ್ಮ ಸುತ್ತಲ ಊರುಗಳ ಹೆಸರು ಟೈಪ್ ಮಾಡುತ್ತೇನೆ. ಕೋಲಾರದಲ್ಲಿ ಓತ್ವದ ದೀರ್ಘ ಸಿಗುತ್ತದೆ. ತುಮಕೂರಿನಲ್ಲಿ ಮೂರು ಕೊಂಬು, ಜೊತೆಗೆ ‘ಮ’. ಚಿಕ್ಕಬಳ್ಳಾಪುರದಲ್ಲಿ ಎರಡು ಒತ್ತು, ಕೆಳಗಿನಿಂದ ಕೊಂಬು ಹೊರಡುವ ‘ಪು’. ಶ್ರೀನಿವಾಸಪುರದಲ್ಲಿ ‘ಶ್ರೀ’. ಶಿಡ್ಲಘಟ್ಟದಲ್ಲಂತೂ ತಟ್ಟೆ ಇಡ್ಲಿಯ ಎರಡೂ ಒತ್ತು ಒಟ್ಟಿಗೇ ಇವೆ. ಮೊದಲೇ ಶಿಡ್ಲಘಟ್ಟ ಟೈಪ್ ಮಾಡಿ ನೋಡಿದ್ದರೆ ದುಡ್ಡು ಉಳಿಯುತ್ತಿತ್ತು. ಜೊತೆಗೆ ಪ್ರಿಂಟಿಗೆ ಕೊಡುವ ಮುಂಚೆ ಕೋರಲ್ ಡ್ರಾ ಅನ್ನುವ ಡಿಸೈನ್ ತಂತ್ರಾಂಶದಲ್ಲಿ ಅಕ್ಷರಗಳನ್ನು ಕರ್ವ್ಸ್, ಅಂದರೆ ಬರೀ ಗೆರೆಯ ಆಕಾರ, ಮಾಡಿಯೇ ಕಳಿಸುತ್ತೇನೆ. ಆಮೇಲೆ ಅವರ ಕಂಪ್ಯೂಟರಿನಲ್ಲಿ ಫಾಂಟ್ ಇರಲಿ ಬಿಡಲಿ, ಅಕ್ಷರ ಚಿತ್ರವಾಗಿ ಕೂತಿರುತ್ತದೆ.

ಎರಡನೇ ಬೋರ್ಡಿಗೂ ಅದೇ ಫಾಂಟ್ ಬಳಸಿದೆ, ಕೆಳಗೆ ಧಾರಾಳವಾಗಿ ಜಾಗ ಬಿಟ್ಟೆ. ಆದರೂ ‘ಡ್ಲಿ’ಯ ಲ ಒತ್ತು ಅಂದುಕೊಂಡದ್ದಕ್ಕಿಂತ ಉದ್ದ ಇಳಿದು, ಕೆಳಗಿದ್ದ ಚಟ್ನಿ ಬಟ್ಟಲಿನ ಚಿತ್ರದೊಳಕ್ಕೆ ಮುಳುಗಿದೆ. ಯಜಮಾನರು ಅದನ್ನು ಬೇಕಂತಲೇ ಮಾಡಿದ್ದು ಅಂದುಕೊಂಡು ಬಂದವರಿಗೆಲ್ಲ ತೋರಿಸುತ್ತಿದ್ದಾರೆ. ನಾನು ಏನೂ ಹೇಳಲು ಹೋಗಿಲ್ಲ.